ಬೆಂಗಳೂರಿನಲ್ಲಿ ವರ್ಷಕ್ಕೆ 7.2 ಲಕ್ಷ ಸಂಬಳ ಮೂವರ ಸಂಸಾರಕ್ಕೆ ಸಾಲುತ್ತದೆಯೇ?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನನಗೆ ತಿಂಗಳಿಗೆ 28,000 ರೂಪಾಯಿ ಕೈಗೆ ಬರುತ್ತದೆ. ಮನೆ ಸ್ವಂತದ್ದು; ಅಕ್ಕಿ, ತೆಂಗಿನಕಾಯಿ ತೀರ್ಥಹಳ್ಳಿ ಕಡೆಯ ನಮ್ಮ ಊರಿನಿಂದ ಬರುತ್ತವೆ. ಎಲೆಚುಕ್ಕೆ ರೋಗದಿಂದ ಅಡಿಕೆ ಫಸಲು ಇಳಿದಿರುವುದರಿಂದ ಅಪ್ಪನಿಗೆ ಪ್ರತಿ ತಿಂಗಳು 5,000 ಕೊಡುತ್ತಿದ್ದೇನೆ. ಅದಾದ ಮೇಲೂ 6,000 ಉಳಿಯುತ್ತದೆ. ಈಗ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು 7.2 ಲಕ್ಷ ಸಿಟಿಸಿಯ (ಕಂಪನಿ ನೌಕರನಿಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಕೆಲಸ ಕೊಡಲು ಒಪ್ಪಿದೆ. ತಿಂಗಳಿಗೆ 60,000 ಎಂದರೆ ಈಗಿನ ಎರಡರಷ್ಟಾಯಿತೆಂದು ಮನೆಯವರು ಸಂತೋಷಪಟ್ಟಿದ್ದಾರೆ. ಹೆಂಡತಿಯನ್ನೂ ಈ ವರ್ಷ ಶಾಲೆಗೆ ಸೇರಬೇಕಾದ ಮಗಳನ್ನೂ ಕರೆದುಕೊಂಡು ಹೋಗಲು ನನಗೆ ಮಾತ್ರ ಧೈರ್ಯ ಸಾಲುತ್ತಿಲ್ಲ. ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1 (ಸಾಗರದವನು, ಒಂಬತ್ತು ವರ್ಷದಿಂದ ಬೆಂಗಳೂರಿನಲ್ಲಿ):
ಮಾನ್ಯರೇ, ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಬೇಡಿ. ನಾನೂ ಮೊದಲ ಕೆಲಸಕ್ಕೆ ಹೋಗುವಾಗ ಹಾಗೆಯೇ ಭಾಗಿಸಿ, ಮೊದಲ ತಿಂಗಳ ಸಂಬಳದ ಚೀಟಿ ನೋಡಿ ಕಂಗಾಲಾಗಿದ್ದೆ. ನಿಮ್ಮ ಸಿಟಿಸಿಯಲ್ಲಿ ನೂರಕ್ಕೆ ಹತ್ತರಷ್ಟು ವೇರಿಯಬಲ್, ಅಂದರೆ ಕೆಲಸದ ಫಲಿತಾಂಶ ನೋಡಿ ಕೊಡುವ ಭಾಗ, ಎಂದಿದ್ದರೆ ತಿಂಗಳಿಗೆ 6,000 ಅಲ್ಲಿಯೇ ಹೋಯಿತು. ಮೂಲ ವೇತನ 30,000 ಎಂದಿಟ್ಟುಕೊಂಡರೆ, ಅದರ ಶೇ. 12ರಂತೆ ನಿಮ್ಮ ಪಾಲಿನ ಪಿಎಫ್ 3,600, ಕಂಪನಿಯ ಪಾಲೂ ಸಿಟಿಸಿಯೊಳಗೇ ಇರುವುದರಿಂದ ಮತ್ತೆ 3,600, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಹೆಸರಿನಲ್ಲಿ ಸುಮಾರು 1,440, ವೃತ್ತಿ ತೆರಿಗೆ 200 ಕಳೆದು ಕೈಗೆ ಬರುವುದು ಸುಮಾರು 45,000. ಹೊಸ ಪದ್ಧತಿಯಲ್ಲಿ ಈ ಮೊತ್ತಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ ಎಂಬುದೊಂದೇ ಸಮಾಧಾನ.

ನಾನು ಹೊಂಗಸಂದ್ರದಲ್ಲಿದ್ದೇನೆ. ಬಾಡಿಗೆ ಮತ್ತು ನಿರ್ವಹಣೆ ಸೇರಿ 17,000, ದಿನಸಿ, ಹಾಲು, ತರಕಾರಿ, ಗ್ಯಾಸಿಗೆ 12,000, ಮಗುವಿನ ಶಾಲೆ ಮತ್ತು ವ್ಯಾನಿಗೆ 6,000, ಓಡಾಟ, ಮೊಬೈಲು, ಔಷಧಿಗೆ 4,000 ಆಗುತ್ತದೆ. ನಿಮ್ಮ ತಂದೆಯವರಿಗೆ ಕೊಡುವ 5,000 ಸೇರಿಸಿದರೆ 44,000 ಆಯಿತು. ಶಿವಮೊಗ್ಗದಲ್ಲಿ ಆರು ಸಾವಿರ ಉಳಿಸುವ ನೀವು ಇಲ್ಲಿ ಒಂದು ಸಾವಿರ ಉಳಿಸುತ್ತೀರಿ, ಅದೂ ಊರಿಗೆ ಒಮ್ಮೆ ಹೋಗಿಬರುವ ಖರ್ಚನ್ನು ಹಿಡಿಯದೆ. 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಹೋಗುವ ಹಳದಿ ಮಾರ್ಗದ ಮೆಟ್ರೋ ಆರಂಭವಾದದ್ದರಿಂದ ಕಚೇರಿಯ ಪಕ್ಕದಲ್ಲೇ ಮನೆ ಹಿಡಿಯಬೇಕಾದ ಅಗತ್ಯ ಈಗ ಇಲ್ಲ. ಕೂಡ್ಲು ಗೇಟ್, ಸಿಂಗಸಂದ್ರದ ಕಡೆಯೂ ಹುಡುಕಬಹುದು.

ಉತ್ತರ 2 (ಹೊಸನಗರದವಳು):
ಮೇಲಿನವರು ತಿಂಗಳ ಲೆಕ್ಕವನ್ನು ಸರಿಯಾಗಿಯೇ ಹೇಳಿದ್ದಾರೆ, ಆದರೆ ನಮ್ಮನ್ನು ಸಾಲಕ್ಕೆ ತಳ್ಳಿದ್ದು ತಿಂಗಳ ಖರ್ಚಲ್ಲ. ಮನೆಯ ಅಡ್ವಾನ್ಸಿಗೆ ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೊಟ್ಟೆವು. ಜೂನಿನ ಹೊತ್ತಿಗೆ ಶಾಲೆಯ ಶುಲ್ಕ ಬಂತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಊರಿನಿಂದ ಮಾವನವರು ಹಣ ಕೇಳಿದ್ದೂ ಅದೇ ಸಮಯಕ್ಕೆ. ತೋಟವಿರುವ ನಮ್ಮಂಥವರು ಈ ವರ್ಷಕ್ಕೊಮ್ಮೆಯ ಖರ್ಚನ್ನು ಬರೆದಿಟ್ಟುಕೊಳ್ಳದಿದ್ದರೆ ಯಾವ ಸಂಬಳವೂ ಸಾಕೆನಿಸುವುದಿಲ್ಲ. ಕೈಯಲ್ಲಿ ಎರಡು ಲಕ್ಷವಿಲ್ಲದಿದ್ದರೆ ದಯವಿಟ್ಟು ಮೊದಲ ಆರು ತಿಂಗಳು ನೀವೊಬ್ಬರೇ ಪಿಜಿಯಲ್ಲಿದ್ದು, ಕೆಲಸ ಖಾಯಂ ಆದ ಮೇಲೆ ಅವರನ್ನು ಕರೆಸಿಕೊಳ್ಳಿ. ಮಗಳು ಒಂದು ವರ್ಷ ಶಿವಮೊಗ್ಗದಲ್ಲೇ ಓದಿದರೆ ನಷ್ಟವೇನಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಂಪನಿಯಿಂದ ಸಂಬಳದ ವಿಂಗಡಣೆ ತರಿಸಿಕೊಂಡು ನೋಡಿದೆ. ವೇರಿಯಬಲ್ 72,000 ಇದೆ, ಅದೂ ವರ್ಷದ ಕೊನೆಗೆ ಮಾತ್ರ. ಆ ಮೊತ್ತವನ್ನು ನಿಗದಿತ ಸಂಬಳಕ್ಕೇ ಸೇರಿಸುವಂತೆ ನಾಳೆ ಕೇಳುತ್ತೇನೆ. ಒಪ್ಪಿದರೆ ಒಬ್ಬನೇ ಹೊರಡುತ್ತೇನೆ. ಮಗಳ ಹೆಸರನ್ನು ಇಲ್ಲಿಯ ಶಾಲೆಯಲ್ಲಿಯೇ ಬರೆಸಲು ಹೆಂಡತಿಯೂ ಒಪ್ಪಿದ್ದಾಳೆ.