‘ಹತ್ತು ಜನಕ್ಕೆ ಕಳಿಸಿ’: ಮನೆಮಂದಿ ಗುಂಪಿನಲ್ಲಿ ಆಸ್ಪತ್ರೆ ಜಗಳ

ಚಿಕ್ಕಪ್ಪ (ಹಲವು ಬಾರಿ ಫಾರ್ವರ್ಡ್ ಆದದ್ದು): ಕಣ್ಣು ತೆರೆಸುವ ಸತ್ಯ!! ಬ್ರಿಟನ್, ಕೆನಡಾ, ಜರ್ಮನಿಯಲ್ಲಿ ಆಸ್ಪತ್ರೆ, ವೈದ್ಯರು ಎಲ್ಲ ಸರ್ಕಾರದ್ದೇ. ರೋಗಿ ಬಿಡಿಗಾಸು ಬಿಚ್ಚಬೇಕಿಲ್ಲ. ಅಮೆರಿಕದಲ್ಲಿ ಎಲ್ಲವೂ ಖಾಸಗಿ, ದುಡ್ಡಿಲ್ಲದವನಿಗೆ ಬಾಗಿಲೇ ತೆರೆಯಲ್ಲ. ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ನಾನು ಮೊದಲಿಂದ ಹೇಳ್ತಿರೋದೂ ಇದೇ. ಖಾಸಗಿ ಅಂದ್ರೆ ಸುಲಿಗೆ.

ಭಾವ: ಸರ್ಕಾರಿ ಅಂದ್ರೆ ಸರತಿ ಸಾಲು, ಮಾವ. ಬ್ರಿಟನ್ನಲ್ಲಿ ಮಂಡಿ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯ್ತಾರೆ.

ಸಣ್ಣಕ್ಕ: ಚಿಕ್ಕಪ್ಪ, ಇದನ್ನ ಬರೆದವರು ಯಾರು? ಯಾವ ವರ್ಷದ್ದು?

ಚಿಕ್ಕಪ್ಪ: ಶುರುವಾಯ್ತು. ರಕ್ತದ ಗುಂಪಿನ ಮೆಸೇಜಿಗೂ ಹೀಗೇ ಕೇಳಿದ್ದೆ. ಅಳಿಯಂದಿರು ಹೇಳಿದ್ದಕ್ಕೆ ಮಾತ್ರ ಮೂಲ ಬೇಡ.

ಸಣ್ಣಕ್ಕ: ಭಾವನಿಗೂ ಕೇಳ್ತೀನಿ, ಸ್ವಲ್ಪ ತಾಳಿ. ಮೊದಲು ಇದು. ಕೆನಡಾದಲ್ಲಿ ಸರ್ಕಾರ ನಡೆಸೋದು ವಿಮೆ. ವೈದ್ಯರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರಲ್ಲ, ಸ್ವಂತ ಕ್ಲಿನಿಕ್ ಇಟ್ಟುಕೊಂಡು ಪ್ರಾಂತ್ಯದ ವಿಮೆಗೆ ಬಿಲ್ ಕಳಿಸೋರು. 1984ರ ಕೆನಡಾ ಆರೋಗ್ಯ ಕಾಯ್ದೆ ಮುಖ್ಯವಾಗಿ ಆಸ್ಪತ್ರೆ ಮತ್ತು ವೈದ್ಯರ ಸೇವೆಗೆ. ಮನೆಯಲ್ಲಿ ನುಂಗೋ ಮಾತ್ರೆ, ಹಲ್ಲು, ಕನ್ನಡಕ ಅದರೊಳಗಿಲ್ಲ. ಜರ್ಮನಿಯದ್ದು 1883ರಲ್ಲಿ ಅಲ್ಲಿನ ಚಾನ್ಸಲರ್ ಬಿಸ್ಮಾರ್ಕ್ ಕಾಲದಲ್ಲಿ ಶುರುವಾದ ವಿಮೆ ಪದ್ಧತಿ. ಸಂಬಳದಿಂದ ಒಂದು ಪಾಲು, ಮಾಲೀಕನಿಂದ ಒಂದು ಪಾಲು ವಿಮಾ ನಿಧಿಗೆ ಹೋಗುತ್ತೆ. ಆಸ್ಪತ್ರೆಗಳಲ್ಲಿ ಸರ್ಕಾರದ್ದು, ಧರ್ಮಸಂಸ್ಥೆಗಳದ್ದು, ಲಾಭದ ಕಂಪನಿಗಳದ್ದು ಮೂರೂ ಇವೆ.

ಸಣ್ಣಕ್ಕ: ಅಮೆರಿಕದಲ್ಲಿ 1965ರಿಂದಲೇ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಇದೆ, ಎರಡೂ ಸರ್ಕಾರದ ದುಡ್ಡು. 1986ರ ಕಾನೂನಿನಂತೆ ತುರ್ತು ವಿಭಾಗಕ್ಕೆ ಬಂದವರನ್ನ ದುಡ್ಡು ಕೇಳದೆ ಪರೀಕ್ಷಿಸಿ ಸ್ಥಿರಗೊಳಿಸಲೇಬೇಕು. ಬಿಲ್ ಆಮೇಲೆ ಬರುತ್ತೆ, ಮನೆ ಮುಳುಗೋದು ಅಲ್ಲಿ.

ದೊಡ್ಡಪ್ಪ: ವೈದ್ಯೋ ನಾರಾಯಣೋ ಹರಿಃ. ವೈದ್ಯನಿಗೆ ದುರಾಸೆ ಬಂದ ಮೇಲೆ ಸರ್ಕಾರದ್ದಾದರೇನು, ಖಾಸಗಿಯಾದರೇನು? ಚಿಕ್ಕವರು ದೊಡ್ಡವರ ಮಾತಿಗೆ ಹೀಗೆ ಎದುರು ಬೀಳೋದೂ ಒಳ್ಳೇದಲ್ಲ.

ಸಣ್ಣಕ್ಕ: ಎದುರು ಬೀಳ್ತಿಲ್ಲ ದೊಡ್ಡಪ್ಪ. ದುರಾಸೆ ಇಲ್ಲದ ವೈದ್ಯರೂ ದುಡ್ಡು ಬರೋ ದಾರಿ ಕಡೆಗೆ ವಾಲ್ತಾರೆ, ನನ್ನ ಸಂಕಟ ಅದು. ಮಾಡಿದ ಪ್ರತಿ ಕೆಲಸಕ್ಕೆ ಹಣ ಅಂದ್ರೆ ಸ್ಕ್ಯಾನ್ ಹೆಚ್ಚುತ್ತೆ, ‘ಮತ್ತೆ ವಾರ ಬಿಟ್ಟು ಬನ್ನಿ’ ಹೆಚ್ಚುತ್ತೆ. ತಲೆಗಿಷ್ಟು ಅಂತ ವರ್ಷಕ್ಕೊಮ್ಮೆ ಕೊಟ್ರೆ ಪಟ್ಟಿಯಲ್ಲಿ ಜನ ತುಂಬಿಸಿಕೊಂಡು, ಪ್ರತಿಯೊಬ್ಬರನ್ನೂ ಬೇಗ ನೋಡಿ ಮುಗಿಸಿ, ಕಷ್ಟದ ಕೇಸನ್ನ ದೊಡ್ಡಾಸ್ಪತ್ರೆಗೆ ದಾಟಿಸ್ತಾರೆ. ಕಾಯಿಲೆಗಿಷ್ಟು ಅಂತ ಕಟ್ಟಿದ್ರೆ, 1983ರಲ್ಲಿ ಮೆಡಿಕೇರ್ ಹಾಗೆ ಮಾಡಿತು, ರೋಗಿಯನ್ನ ಬೇಗ ಮನೆಗೆ ಕಳಿಸಿದಷ್ಟೂ ಆಸ್ಪತ್ರೆಗೆ ಉಳಿತಾಯ. ಬರೀ ಸಂಬಳ ಆದ್ರೆ ಹತ್ತು ಜನರನ್ನ ನೋಡಿದ್ರೂ ಮೂವತ್ತು ಜನರನ್ನ ನೋಡಿದ್ರೂ ಕೈಗೆ ಬರೋದು ಅಷ್ಟೇ, ಸಾಲು ಬೆಳೆಯುತ್ತೆ. ಬೋರ್ಡಿನ ಮೇಲೆ ಯಾರ ಹೆಸರಿದೆ ಅನ್ನೋದಕ್ಕಿಂತ ಇದು ದೊಡ್ಡದು.

ಸೋದರತ್ತೆ: ಆಗಿನ ಕಾಂಪೌಂಡರುಗಳು ಕೊಡ್ತಿದ್ದ ಕೆಂಪು ಮಿಕ್ಸ್ಚರ್ ಬಾಟಲಿ ನೆನಪಿದೆಯೇನ್ರೋ? ಕಾಗದದ ಪಟ್ಟಿಯ ಅಂಚಿಗೆ ಕತ್ತರಿಯಲ್ಲಿ ಕಚ್ಚು ಮಾಡಿ ಬಾಟಲಿಗೆ ಅಂಟಿಸೋರು, ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಡೋಸು. ಚೆನ್ನಾಗಿ ಅಲ್ಲಾಡಿಸಿ ಕುಡೀಬೇಕು.

ಪುಟ್ಟ: ಅಲ್ಲಾಡಿಸೋದು ಯಾಕತ್ತೆ?

ಸೋದರತ್ತೆ: ಕರಗದ ಪುಡಿ ತಳಕ್ಕೆ ಕೂತುಬಿಡುತ್ತೆ. ಇಲ್ಲಾಂದ್ರೆ ಮೊದಲ ಡೋಸು ಬರೀ ನೀರು, ಕೊನೇದು ಬರೀ ಮದ್ದು.

ಸಣ್ಣಕ್ಕ: ಅತ್ತೆ, ಚೀಟಿ ಬರೆಯೋರೇ ಮದ್ದು ಮಾರಿದ್ರೆ ಚೀಟಿ ಉದ್ದ ಆಗುತ್ತೆ. ಅದಕ್ಕೇ ದಕ್ಷಿಣ ಕೊರಿಯಾ 2000ದಲ್ಲಿ ಬರೆಯೋದನ್ನೂ ಮಾರೋದನ್ನೂ ಬೇರೆ ಮಾಡಿತು. ವೈದ್ಯರು ಮುಷ್ಕರ ಹೂಡಿದ್ರು.

ಸೋದರತ್ತೆ: ನಾನು ಬಾಟಲಿ ಮಾತಾಡಿದ್ರೆ ನೀನು ಕೊರಿಯಾಕ್ಕೆ ಹೋದೆ.

ದೊಡ್ಡಕ್ಕ: ಎಲ್ಲರ ಮಾತಿಗೂ ತಿದ್ದುಪಡಿ ಹಾಕೋದು ಇವಳ ಹಳೇ ಅಭ್ಯಾಸ ಅತ್ತೆ.

ಸಣ್ಣಕ್ಕ: ಸರಿ, ಈಗ ಭಾವನ ಸರದಿ. ಸಾಲಿಗೆ ಸರ್ಕಾರವೇ ಕಾರಣ ಅಂದ್ರಲ್ಲ, ಯಾವ ಆಧಾರ?

ಭಾವ: ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನದ್ದೇ ಗುರಿ ಇದೆ. ವೈದ್ಯರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟ ದಿನದಿಂದ 18 ವಾರದೊಳಗೆ ಶೇ 92 ಜನರ ಚಿಕಿತ್ಸೆ ಶುರುವಾಗಬೇಕು. 2016ರಿಂದ ಅದು ತಪ್ಪಿದೆ. ಅಂಕಿ ಪ್ರಕಟಿಸೋರು ಅವರೇ.

ಸಣ್ಣಕ್ಕ: ಒಪ್ಪಿದೆ. ಅಂಕಿ ಸರಿ. ಕಾರಣ ಹಾಸಿಗೆಯಲ್ಲಿ ಹುಡುಕಿ. ವಾರ್ಡಿನಲ್ಲಿ ಬೆಳಗಿನ ರೌಂಡಿನಲ್ಲೇ ‘ಮನೆಗೆ ಹೋಗಬಹುದು’ ಅಂತ ಬರೀತಾರೆ. ಔಷಧಿ ಕೌಂಟರಿನಿಂದ ಮಾತ್ರೆ ಬಂದಿರಲ್ಲ, ಡಿಸ್ಚಾರ್ಜ್ ಪತ್ರಕ್ಕೆ ಸಹಿ ಬಿದ್ದಿರಲ್ಲ, ಮನೆಯಲ್ಲಿ ಎತ್ತಿ ಕೂರಿಸೋರು ಗೊತ್ತಾಗಿರಲ್ಲ. ಹಾಸಿಗೆ ಖಾಲಿಯಾಗೋದು ಸಂಜೆಗೆ. ಅಲ್ಲಿವರೆಗೆ ತುರ್ತು ವಿಭಾಗದವರು ಟ್ರಾಲಿ ಮೇಲೆ, ನಾಳೆಯ ಮಂಡಿ ಆಪರೇಷನ್ ಮುಂದಕ್ಕೆ. ಶೇ 85ರಷ್ಟು ಹಾಸಿಗೆ ತುಂಬಿದರೆ ಅದೇ ಮಿತಿ ಅಂತ ಆಸ್ಪತ್ರೆ ನಡೆಸೋರು ಲೆಕ್ಕ ಹಿಡೀತಾರೆ. ಅದಕ್ಕೂ ಮೀರಿ ತುಂಬಿಸಿದ್ರೆ ಒಂದು ದಿನ ನಾಲ್ಕು ಜನ ಹೆಚ್ಚು ಬಂದರೂ ಇಡೀ ವಾರ ಜಾಮ್. ಖಾಸಗಿಯಲ್ಲಿ ಸಾಲು ಕಾಣದಿರೋದಕ್ಕೆ ಒಂದು ಕಾರಣ, ಕೊಡೋಕೆ ಆಗದವರು ಸಾಲಿಗೇ ಬರಲ್ಲ.

ಭಾವ: ಅದು ನ್ಯಾಯವಾದ ಮಾತು. ಆದ್ರೆ ಖಾಸಗಿ ವಿಮೆಯನ್ನೂ ಕಟ್ಟಿಹಾಕಿ ನಡೆಸಬಹುದು. ಸ್ವಿಟ್ಜರ್ಲೆಂಡ್ 1996ರಿಂದ, ನೆದರ್ಲೆಂಡ್ಸ್ 2006ರಿಂದ ಹಾಗೇ ನಡೆಸ್ತಿವೆ. ಎಲ್ಲರೂ ಪಾಲಿಸಿ ಕೊಳ್ಳಲೇಬೇಕು, ಮೂಲ ಪಾಲಿಸಿಗೆ ಕಾಯಿಲೆಯವರನ್ನ ಕಂಪನಿ ಬೇಡ ಅನ್ನೋ ಹಾಗಿಲ್ಲ. ಕಡ್ಡಾಯ ತೆಗೆದ್ರೆ ಆರೋಗ್ಯವಂತರು ಜಾರಿಕೊಳ್ತಾರೆ, ಉಳಿದವರ ಕಂತು ಏರುತ್ತೆ, ಏರಿದ್ದಕ್ಕೆ ಇನ್ನಷ್ಟು ಜನ ಬಿಡ್ತಾರೆ.

ಪುಟ್ಟ: ಪಾಲಿಸಿ ಇದ್ದೂ ಕೈಯಿಂದ ಯಾಕೆ ಕೊಡಬೇಕಾಗುತ್ತೆ ಭಾವ?

ಭಾವ: ಬಿಲ್ 100 ಅಂತ ಇಟ್ಕೋ. ಮೊದಲ 10 ನಿನ್ನದೇ ಅಂತ ಪಾಲಿಸಿಯಲ್ಲಿದ್ರೆ ಉಳಿಯೋದು 90. ಅದರಲ್ಲಿ ನಿನ್ನ ಪಾಲು ಶೇ 20 ಅಂದ್ರೆ 18. ಒಟ್ಟು 28 ನಿನ್ನ ಕೈಯಿಂದ. ಹಳೇ ಕಾಯಿಲೆಗೆ ಕಾಯುವ ಅವಧಿ ಮುಗಿದಿಲ್ಲ ಅಂದ್ರೆ ಪೂರ್ತಿ 100. ಕಂತು ಎಷ್ಟು ಅಂತ ನೋಡೋ ಮುಂಚೆ ಈ ಮೂರು ಸಾಲು ಓದು.

ದೊಡ್ಡಪ್ಪ: ಹಂಗಾದ್ರೆ ದುಡ್ಡಿಲ್ಲದವನು ಹತ್ತು ಭಾಗಕ್ಕೇ ಹೆದರಿ ಆಸ್ಪತ್ರೆಗೆ ಹೋಗಲ್ಲ ಅಲ್ವಾ?

ಸಣ್ಣಕ್ಕ: ಹೌದು ದೊಡ್ಡಪ್ಪ. 1970ರ ದಶಕದಲ್ಲಿ ಅಮೆರಿಕದಲ್ಲಿ ರ‍್ಯಾಂಡ್ ಸಂಸ್ಥೆ ಇದನ್ನೇ ಪರೀಕ್ಷೆ ಮಾಡಿ ನೋಡಿತು. ಕೈಯಿಂದ ಕೊಡಬೇಕಾದವರು ಬೇಡದ ಚಿಕಿತ್ಸೆಯನ್ನೂ ಬಿಟ್ರು, ಬೇಕಾದದ್ದನ್ನೂ ಬಿಟ್ರು. ಯಾವುದು ಬೇಕು ಅಂತ ರೋಗಿಗೆ ಹೇಗೆ ತಿಳೀಬೇಕು? ರಕ್ತದೊತ್ತಡ ನೋಯಲ್ಲ.

ದೊಡ್ಡಪ್ಪ: ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ.

ಚಿಕ್ಕಪ್ಪ: ಜರ್ಮನಿ ತಪ್ಪು ಅಂತ ಒಪ್ಪಿದೆ. ಕೆನಡಾ ಒಪ್ಪಿಲ್ಲ.

ಸಣ್ಣಕ್ಕ: ಕಾಯ್ದೆಯ 18 ಮತ್ತು 19ನೇ ಕಲಂ ಓದಿ ಚಿಕ್ಕಪ್ಪ. ವಿಮೆಗೆ ಒಳಪಟ್ಟ ಸೇವೆಗೆ ರೋಗಿಯಿಂದ ಹೆಚ್ಚುವರಿ ವಸೂಲಿ ಮಾಡಬಾರದು ಅಂತಿದೆ. ಪ್ರಾಂತ್ಯ ಅದಕ್ಕೆ ಬಿಟ್ಟರೆ ಕೇಂದ್ರದಿಂದ ಬರೋ ಹಣದಲ್ಲಿ ಅಷ್ಟೇ ಮೊತ್ತ ಕಡಿತ. ಆಸ್ಪತ್ರೆ ಯಾರದ್ದಿರಬೇಕು ಅನ್ನೋ ಮಾತು ಅಲ್ಲಿಲ್ಲ.

ಚಿಕ್ಕಪ್ಪ: ಇಂಗ್ಲಿಷಿನಲ್ಲಿರುತ್ತೆ.

ಸಣ್ಣಕ್ಕ: ಎರಡೂ ಕಲಮನ್ನ ಕನ್ನಡದಲ್ಲಿ ಬರೆದು ರಾತ್ರಿ ಹಾಕ್ತೀನಿ.