ಸಹಾಯ ಬೇಕು: ಒಂಬತ್ತನೇ ಕ್ಲಾಸಿಗೆ ‘ಬೆಳಗು’ ಪದ್ಯ ಹೇಗೆ ಹೇಳಿಕೊಡ್ಲಿ?

ಎಲ್ಲ ಕನ್ನಡ ಮೇಷ್ಟ್ರು, ಮೇಡಂಗಳಿಗೆ ನಮಸ್ಕಾರ. ಬೇಂದ್ರೆಯವರ ‘ಬೆಳಗು’ ತಗೊಂಡಿದ್ದೀನಿ. ನಮ್ ಮಕ್ಕಳಿಗೆ ರೂಪಕಾಲಂಕಾರದ ಲಕ್ಷಣ ಬಾಯಿಪಾಠ, ಉಪಮೇಯ (ವರ್ಣಿಸ್ತಿರೋ ವಸ್ತು), ಉಪಮಾನ (ಹೋಲಿಕೆಗೆ ತಂದ ವಸ್ತು) ಎರಡೂ ಒಂದೇ ಅಂತ ಪಟಪಟ ಹೇಳ್ತಾರೆ, ಆದ್ರೆ ಮೂಡಣ ದಿಕ್ಕು ಮನೆ ಆಗಿದೆ, ಅದರ ಬಾಗಿಲು ತೆರೆದಾಗ ಬೆಳಕು ನೀರಿನ ಥರ ಹರಿದು ಜಗತ್ತನ್ನೇ ತೋಯಿಸ್ತಿದೆ ಅನ್ನೋ ಚಿತ್ರ ಕಣ್ಣಮುಂದೆ ಬರ್ತಾನೇ ಇಲ್ಲ. ಪದ್ಯದಲ್ಲಿ ಬರೋ ‘ಎರಕ’ ಅಂದ್ರೆ ಏನು ಅಂತ ಕೇಳಿದ್ರೆ ಇಡೀ ಕ್ಲಾಸ್ ಸುಮ್ನೆ ಕೂತಿತ್ತು, ಲೋಹ ಕರಗಿಸಿ ಅಚ್ಚಿಗೆ ಹೊಯ್ಯೋದನ್ನ ಅವ್ರು ನೋಡೇ ಇಲ್ವಲ್ಲ, ಪಾಪ. ಗಂಟೆ ಎರಕ ಹೊಯ್ಯೋ ವಿಡಿಯೋ ಯಾರ ಹತ್ರಾನಾದ್ರೂ ಇದ್ರೆ ದಯವಿಟ್ಟು ಕಳಿಸಿ.

ಇನ್ನೊಂದು ಕಷ್ಟ, ಭಾವದ್ದು. ಪದ್ಯದ ಭಾವ ಯಾವುದು ಅಂದ್ರೆ ಎಲ್ಲರೂ ‘ಸಂತೋಷ’ ಅಂತ ಬರೀತಾರೆ. ಕೊನೇಲಿ ಕವಿ ಶಾಂತಿರಸ ಅಂತ ಬಾಯಿಬಿಟ್ಟು ಹೇಳಿದ್ದಾರೆ ನಿಜ, ಆದ್ರೆ ಅದನ್ನ ಮೊದಲೇ ತೋರಿಸಿಬಿಟ್ರೆ ಮಕ್ಕಳು ಅನುಭವಿಸೋಕೆ ಏನು ಉಳೀತು? ಎಲೆ ಮೇಲಿನ ಹನಿ, ತಣ್ಣಗೆ ತೀಡೋ ಗಾಳಿಯಿಂದಾನೇ ಆ ಶಾಂತಿ ಅವರಿಗೆ ತಟ್ಟಬೇಕು ಅಂತ ನನ್ನಾಸೆ. ಬೆಳಿಗ್ಗೆ ಆರಕ್ಕೆ ಮನೆ ಹೊರಗೆ ಹತ್ತು ನಿಮಿಷ ಕೂತು ಕಂಡಿದ್ದು, ಕೇಳಿದ್ದು, ಮೈಗೆ ತಾಕಿದ್ದು ಬರ್ಕೊಂಡು ಬನ್ನಿ ಅನ್ಲಾ? ಹೀಗೆ ಮಾಡಿಸಿದವರು ಇದ್ದೀರಾ? ಸೋಮವಾರ ಕ್ಲಾಸಿದೆ.