ಸಹಾಯ ಬೇಕು: ಎಕ್ಸೆಲ್‌ನಲ್ಲಿ ಋಣ (ಮೈನಸ್) ಮೊತ್ತಕ್ಕೂ ಲಕ್ಷದ ಅಲ್ಪವಿರಾಮ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದ ನಮ್ಮ ಅಪಾರ್ಟ್‌ಮೆಂಟ್ ಸಂಘದ ಲೆಕ್ಕ ಬರೆಯುವುದು ನನ್ನ ಪಾಲಿನ ಕೆಲಸ. ಭಾನುವಾರ ವಾರ್ಷಿಕ ಸಭೆ ಇದೆ. ದುರಸ್ತಿ ನಿಧಿ 12,34,567 ಎಂದು ಕಾಣಬೇಕಾದ ಕಡೆ 1,234,567 ಎಂದು ಕಾಣುತ್ತಿದೆ. ಕಳೆದ ಸಲ ಹಿರಿಯರೊಬ್ಬರು ಹಾಳೆಯ ಮೇಲೆ ಬೆರಳಿಟ್ಟು ಬಲದಿಂದ ಒಂದೊಂದೇ ಅಂಕಿ ಎಣಿಸುತ್ತಿದ್ದುದನ್ನು ನೋಡಿ ಬಹಳ ಬೇಸರವಾಯಿತು. ನಮ್ಮ ಲೆಕ್ಕ ನಮ್ಮವರಿಗೆ ಒಂದೇ ನೋಟಕ್ಕೆ ತಿಳಿಯಬೇಡವೇ?

ವಿಂಡೋಸ್‌ನಲ್ಲಿ ಪ್ರದೇಶವನ್ನು ಭಾರತ ಎಂದು ಬದಲಿಸಿದೆ. ನನ್ನ ಕಂಪ್ಯೂಟರಿನಲ್ಲಿ ಸರಿಹೋಯಿತು, ಖಜಾಂಚಿಯವರ ಲ್ಯಾಪ್‌ಟಾಪಿನಲ್ಲಿ ಅದೇ ಕಡತ ಮತ್ತೆ ಮಿಲಿಯನ್ ಲೆಕ್ಕಕ್ಕೆ ಮರಳಿತು. ಟೆಕ್ಸ್ಟ್ ಸೂತ್ರ ಬಳಸಿದರೆ ಸಂಖ್ಯೆಗಳೆಲ್ಲ ಪಠ್ಯವಾಗಿ, ಕೆಳಗಿನ ಒಟ್ಟು ಮೊತ್ತ 0 ಆಗುತ್ತದೆ. ಕೊನೆಗೆ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ (ಸಂಖ್ಯೆ ಹೇಗೆ ಕಾಣಬೇಕೆಂದು ನಾವೇ ಬರೆದುಕೊಡುವ ಕಡೆ) ಇದನ್ನು ಹಾಕಿದೆ:

[>=10000000]##\,##\,##\,##0;[>=100000]##\,##\,##0;##,##0

ಜಮೆಯ ಅಂಕಣ ಈಗ ಚೆನ್ನಾಗಿ ಕಾಣುತ್ತದೆ. ತೊಡಕಿರುವುದು ಕೊರತೆಯ ಅಂಕಣದಲ್ಲಿ. ಋಣ ಮೊತ್ತ ಎರಡೂ ಷರತ್ತುಗಳಿಗೆ ಸಿಗದೆ ಮೂರನೆಯ ಭಾಗಕ್ಕೆ ಬಿದ್ದು -2,45,300 ಬದಲು -245,300 ಎಂದೇ ಬರುತ್ತದೆ. ಇನ್ನೊಂದು ಷರತ್ತು ಸೇರಿಸಲು ಹೋದರೆ ಎಕ್ಸೆಲ್ ಒಪ್ಪುವುದಿಲ್ಲ.

ಋಣ ಸಂಖ್ಯೆಗಳಿಗೆ ಮಾತ್ರ ಕಂಡೀಷನಲ್ ಫಾರ್ಮ್ಯಾಟಿಂಗ್ (ಷರತ್ತಿಗೆ ತಕ್ಕಂತೆ ನೋಟ ಬದಲಿಸುವ ಸೌಲಭ್ಯ) ಮೂಲಕ ಬೇರೆ ನಮೂನೆ ಕೊಡಬಹುದೇ? ಕೊಟ್ಟರೆ ಅದು ಕಡತದ ಜೊತೆಯಲ್ಲೇ ಉಳಿದು, ಖಜಾಂಚಿಯವರ ಲ್ಯಾಪ್‌ಟಾಪಿನಲ್ಲೂ ಹಾಗೆಯೇ ಕಾಣುತ್ತದೆಯೇ? ಮಾಡಿ ನೋಡಿದವರು ನಿಯಮವನ್ನು ಬರೆದು ತಿಳಿಸಿ, ದಯವಿಟ್ಟು.